ಫೋನಿನಲ್ಲಿ ಮಾರಿದ ಪುನರ್ಪುಳಿ: ಕಿಲೋಗೆ ಉಳಿಯುವುದೆಷ್ಟು?

"ಆನ್‌ಲೈನಿನಲ್ಲಿ ಮಾರಿದ್ರೆ ದುಪ್ಪಟ್ಟು ಕ್ರಯ ಸಿಗ್ತದಂತೆ, ಹೌದಾ?" ಸೊಸೈಟಿಯ ಜಗಲಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಈಗ ಈ ಪ್ರಶ್ನೆ ಕೇಳದವರು ಕಮ್ಮಿ. ಕ್ರಯ ಹೆಚ್ಚು ಸಿಗುವುದು ಹೌದು. ಆದರೆ ಕೈಗೆ ಬರುವ ಕ್ರಯ ಬೇರೆ, ಖರ್ಚು ಕಳೆದು ಉಳಿಯುವುದು ಬೇರೆ. ಮೂರು ವರ್ಷದಿಂದ ನಾನು ಪುನರ್ಪುಳಿ ಒಣಸಿಪ್ಪೆ, ಹಲಸಿನ ಹಪ್ಪಳ, ಕಾಳುಮೆಣಸು, ರಂಬುಟಾನ್ ಇಷ್ಟನ್ನು ಫೋನಿನ ಮೂಲಕ ಮಾರಿ ನೋಡಿದ್ದೇನೆ. ಪ್ರತಿಯೊಂದು ಪಾರ್ಸೆಲ್‌ನ ಖರ್ಚೂ ಪುಸ್ತಕದಲ್ಲಿ ಉಂಟು. ಆ ಪುಸ್ತಕವನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ನಮ್ಮದು ಸುಳ್ಯ ತಾಲೂಕು. ಅಡಿಕೆಗೆ ಹಳದಿ ರೋಗ ಮೊದಲೇ ಇತ್ತು, ಮೇಲಿಂದ ಎಲೆಚುಕ್ಕಿಯೂ ಬಂತು. ತೋಟದ ಬದಿಯಲ್ಲಿ ಬಿದ್ದು ಹೋಗುತ್ತಿದ್ದ ಪುನರ್ಪುಳಿ, ಹಲಸನ್ನು ಹೆಕ್ಕಿ ನಾಲ್ಕು ಕಾಸು ಮಾಡದೆ ಉಪಾಯ ಇಲ್ಲ ಎನ್ನುವ ಸ್ಥಿತಿ. ಹಾಗಾಗಿ ಇದು ನಮಗೆ ಹವ್ಯಾಸದ ವಿಷಯ ಅಲ್ಲ.

ಅರ್ಧ ಕಿಲೋ, ಒಂದು ಕಿಲೋ, ಎರಡು ಕಿಲೋ

ಪುನರ್ಪುಳಿಯ ಲೆಕ್ಕದಿಂದ ಸುರು ಮಾಡುತ್ತೇನೆ, ಯಾಕೆಂದರೆ ಇದರಲ್ಲಿ ಕಲಿತದ್ದು ಬೇರೆ ಎಲ್ಲದಕ್ಕೂ ಹೊಂದುತ್ತದೆ. ಚೆನ್ನಾಗಿ ಒಣಗಿಸಿದ ಸಿಪ್ಪೆಗೆ ಪೇಟೆಯ ಅಂಗಡಿಯವರು ಆ ವರ್ಷ ನಮಗೆ ಕೊಟ್ಟದ್ದು ಕಿಲೋಗೆ 220 ರೂಪಾಯಿ. ಫೋನಿನಲ್ಲಿ ನಾನು ಇಟ್ಟ ಕ್ರಯ ಕಿಲೋಗೆ 400. ಅಂಚೆ ಖರ್ಚು ಕೊಳ್ಳುವವರದ್ದು.

ಅರ್ಧ ಕಿಲೋದ ಒಂದು ಪಾರ್ಸೆಲ್ ನೋಡಿ. ಬಂದದ್ದು 200 ರೂಪಾಯಿ. ದಪ್ಪ ಪ್ಲಾಸ್ಟಿಕ್ ಚೀಲ, ಲೇಬಲ್ ಸೇರಿ 9. ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ 16. ಪೇಟೆಗೆ ಹೋಗಿಬರುವ ಪೆಟ್ರೋಲಿನ ಪಾಲು 10. ಇನ್ನು ನಮ್ಮ ಸಮಯ. ಇದನ್ನು ಯಾರೂ ಬರೆಯುವುದಿಲ್ಲ. "ಒಳ್ಳೇದುಂಟಾ, ಉಪ್ಪು ಹಾಕಿದ್ದಾ, ಯಾವಾಗ ಬರ್ತದೆ" ಎಂದು ಕೇಳುವವರಿಗೆ ಉತ್ತರ ಕೊಡಬೇಕು, ವಿಳಾಸ ಬರೆಯಬೇಕು, ತೂಗಬೇಕು, ಕಟ್ಟಬೇಕು, ಹಣ ಬಂದಿದೆಯಾ ನೋಡಬೇಕು. ಗಡಿಯಾರ ನೋಡಿಯೇ ಬರೆದೆ: ಒಂದು ಪಾರ್ಸೆಲ್‌ಗೆ ಸರಾಸರಿ 24 ನಿಮಿಷ. ನಮ್ಮಲ್ಲಿ ಆಳಿನ ಸಂಬಳ ದಿನಕ್ಕೆ 600 ಇದ್ದಾಗ ಗಂಟೆಗೆ 75 ಆಯಿತು, 24 ನಿಮಿಷಕ್ಕೆ 30. ಒಟ್ಟು ಖರ್ಚು 65 ರೂಪಾಯಿ. ಉಳಿದದ್ದು 135. ಅಂದರೆ ಕಿಲೋಗೆ 270.

ಅಂಗಡಿಗೆ ಗೋಣಿಯಲ್ಲಿ ತುಂಬಿಸಿ ಕೊಟ್ಟರೆ 220. ಇಷ್ಟೆಲ್ಲ ಒದ್ದಾಡಿ ಸಿಕ್ಕಿದ ಹೆಚ್ಚುವರಿ ಕಿಲೋಗೆ 50 ರೂಪಾಯಿ ಮಾತ್ರ!

ಈಗ ಒಂದು ಕಿಲೋದ ಪಾರ್ಸೆಲ್. ಬಂದದ್ದು 400. ಚೀಲ ಎರಡಕ್ಕೆ 18, ಪೆಟ್ಟಿಗೆ 20, ಪೆಟ್ರೋಲು 10, ಸಮಯ ಅಷ್ಟೇ, 30. ಖರ್ಚು 78, ಉಳಿಕೆ 322. ಎರಡು ಕಿಲೋ ಆದರೆ 800 ಬರುತ್ತದೆ. ಚೀಲಕ್ಕೆ 36, ಪೆಟ್ಟಿಗೆಗೆ 28, ಪೆಟ್ರೋಲು 10, ಸಮಯ ಸ್ವಲ್ಪ ಹೆಚ್ಚು, 40. ಖರ್ಚು 114, ಉಳಿಕೆ 686. ಕಿಲೋಗೆ 343 ಬಿತ್ತು.

ಪಾರ್ಸೆಲ್ ಸಣ್ಣದಿರಲಿ ದೊಡ್ಡದಿರಲಿ, ಪೆಟ್ರೋಲು, ಫೋನಿನ ಮಾತು, ವಿಳಾಸ ಬರೆಯುವುದು ಹೆಚ್ಚುಕಮ್ಮಿ ಒಂದೇ. ಕೊಳ್ಳುವವರ ಕಡೆಯಿಂದಲೂ ಹಾಗೆಯೇ. ಅರ್ಧ ಕಿಲೋಗೆ ಅವರು ಅಂಚೆ ಸೇರಿ ನಮಗೆ ಕಳಿಸಿದ್ದು ಸರಾಸರಿ 270 ರೂಪಾಯಿ, ಕಿಲೋ ಲೆಕ್ಕದಲ್ಲಿ 540. ಎರಡು ಕಿಲೋಗೆ 950, ಅಂದರೆ ಕಿಲೋಗೆ 475. ಈ ಲೆಕ್ಕವನ್ನು ಮುಚ್ಚಿಡದೆ ಗಿರಾಕಿಗೆ ಹೇಳಿದೆ. "ಪಕ್ಕದ ಮನೆಯವರನ್ನೂ ಕೇಳಿ, ಎರಡು ಕಿಲೋ ಒಟ್ಟಿಗೆ ತರಿಸಿ, ಇಬ್ಬರಿಗೂ ಲಾಭ" ಎಂದೆ. ಎರಡನೇ ವರ್ಷದಿಂದ ಅರ್ಧ ಕಿಲೋ ಕಳಿಸುವುದನ್ನು ನಿಲ್ಲಿಸಿದೆ. ಕೆಲವರು ಬಿಟ್ಟುಹೋದರು. ಉಳಿದವರು ಹೆಚ್ಚು ತರಿಸಿದರು.

ಇನ್ನೊಂದು, ಪೆಟ್ರೋಲಿನ ಪಾಲು 10 ರೂಪಾಯಿಗೆ ನಿಲ್ಲಬೇಕಾದರೆ ದಿನಾ ಪೇಟೆಗೆ ಓಡಬಾರದು. ಮಂಗಳವಾರ, ಶುಕ್ರವಾರ ಮಾತ್ರ ಅಂಚೆಗೆ ಹಾಕುವುದು ಎಂದು ಮೊದಲೇ ಹೇಳಿದ್ದೇನೆ. ಒಂದು ಸಲಕ್ಕೆ ಆರೇಳು ಪಾರ್ಸೆಲ್ ಆಗುತ್ತದೆ. "ಅರ್ಜೆಂಟ್ ಬೇಕಿತ್ತು" ಎನ್ನುವವರಿಗೆ ಪೇಟೆಯ ಅಂಗಡಿ ಉಂಟಲ್ಲ.

ಮೂರನೇ ವರ್ಷ ನಮ್ಮಲ್ಲಿ ಆದದ್ದು 90 ಕಿಲೋ ಸಿಪ್ಪೆ. 68 ಕಿಲೋ ಫೋನಿನಲ್ಲಿ ಹೋಯಿತು, ಉಳಿದದ್ದು ಅಂಗಡಿಗೆ. ಅಂಗಡಿಗೇ ಎಲ್ಲ ಕೊಟ್ಟಿದ್ದರೆ ಸಿಗುತ್ತಿದ್ದುದಕ್ಕಿಂತ ಸುಮಾರು 7,500 ರೂಪಾಯಿ ಜಾಸ್ತಿ ಉಳಿಯಿತು, ಸಮಯದ ಸಂಬಳ ತೆಗೆದ ಮೇಲೆ. ತೋಟಕ್ಕೆ ಒಂದು ಸುತ್ತು ಬೋರ್ಡೋ ಬಿಡುವ ಖರ್ಚಿನಲ್ಲಿ ಒಂದು ಪಾಲು ಇದರಿಂದ ಹೋಯಿತು. ಲಕ್ಷ ಲಕ್ಷ ಎಂದು ಕನಸು ಕಂಡವರಿಗೆ ಇದು ಸಣ್ಣದು ಕಾಣಬಹುದು. ಬಿದ್ದು ಕೊಳೆಯುತ್ತಿದ್ದ ಹಣ್ಣಿನಿಂದ ಬಂದದ್ದು ಎಂದು ನೆನಪಿದ್ದವರಿಗೆ ಸಣ್ಣದಲ್ಲ.

ನೀರಿಗೆ ಅಂಚೆ ಖರ್ಚು ಕೊಡಬೇಡಿ

ಕಳಿಸುವ ವಸ್ತು ಒಣಗಿದ್ದಷ್ಟೂ ಲಾಭ. 10 ಕಿಲೋ ಪುನರ್ಪುಳಿ ಹಣ್ಣು ನಮ್ಮಲ್ಲಿ ಒಂದು ಕಿಲೋದ ಆಸುಪಾಸು ಒಣಸಿಪ್ಪೆ ಆಗುತ್ತದೆ. ಹಸಿ ಕಾಳುಮೆಣಸು ಮೂರು ಕಿಲೋಗೆ ಒಂದು ಕಿಲೋ ಒಣಗಿದ್ದು. ನೀರು ಹೋದಾಗ ತೂಕ ಹೋಯಿತು, ಕೆಡುವ ಹೆದರಿಕೆಯೂ ಹೋಯಿತು. ತೆಂಗಿನಕಾಯಿ ಕಳಿಸಿ ಅಂತ ಬೆಂಗಳೂರಿನವರು ಬಹಳ ಕೇಳುತ್ತಾರೆ. ಹತ್ತು ಕಾಯಿ ಪ್ಯಾಕ್ ಮಾಡಿ ತೂಗಿ ನೋಡಿದೆ. ಸಾಗಾಟದ ಖರ್ಚು ಕಾಯಿಯ ಕ್ರಯದ ಹತ್ತಿರ ಬರುವಾಗ ಅಲ್ಲಿಗೇ ಬಿಟ್ಟೆ.

2021ರಲ್ಲಿ ಲಾಕ್‌ಡೌನ್‌ನಿಂದ ಬಾಳೆಗೊನೆ ಕೇಳುವವರಿಲ್ಲದೆ ಕ್ರಯ ಬಿದ್ದಾಗ ಬಾಳೆಕಾಯಿ ಹುಡಿ, 'ಬಾಕಾಹು', ನಮ್ಮ ಜಿಲ್ಲೆಯಲ್ಲೂ ಉತ್ತರ ಕನ್ನಡದಲ್ಲೂ ಮನೆಮನೆಗೆ ಹಬ್ಬಿದ್ದು ನೆನಪಿರಬಹುದು. ಹಬ್ಬಿದ್ದು ವಾಟ್ಸಾಪ್ ಗುಂಪುಗಳಲ್ಲಿ. ಹೆಂಗಸರು ಹುಡಿ ಮಾಡಿ, ಅದರಿಂದ ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೋ ಹಾಕಿದರು. ಆ ಜುಲೈಯಲ್ಲಿ ಪ್ರಧಾನಿಯ 'ಮನ್ ಕಿ ಬಾತ್'ನಲ್ಲೂ ಅದರ ಹೆಸರು ಬಂತು. ಯಂತ್ರಕ್ಕೆ, ಕಟ್ಟಡಕ್ಕೆ ಸಾಲ ಮಾಡಬೇಕಾಗಿರಲಿಲ್ಲ. ಕತ್ತಿ, ಬಿಸಿಲು, ಮಿಕ್ಸಿ, ಫೋನು ಇಷ್ಟು ಸಾಕಿತ್ತು. ಕೆಡುವ ಭಾರದ ಗೊನೆಯನ್ನು ಕೆಡದ ಹಗುರ ಹುಡಿ ಮಾಡಿದ್ದೇ ಅದರ ಗುಟ್ಟು.

ಹಪ್ಪಳದ ಪೆಟ್ಟಿಗೆ ತೂಗುವುದು ಟೇಪಿನಲ್ಲಿ!

ಹಪ್ಪಳ ಹಗುರ, ಹಾಗಾಗಿ ಕಳಿಸಲು ಸುಲಭ ಎಂದು ಎಲ್ಲರೂ ಎಣಿಸುತ್ತಾರೆ. ಕೊರಿಯರ್‌ನವರು ತಕ್ಕಡಿಯಲ್ಲಿ ಮಾತ್ರ ತೂಗುವುದಲ್ಲ, ಟೇಪು ಹಿಡಿದೂ ತೂಗುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಹೆಚ್ಚಿನವರು 5000ದಿಂದ ಭಾಗಿಸುತ್ತಾರೆ. ಅದು ಕಿಲೋ. ಈ ಲೆಕ್ಕ ಹೆಚ್ಚಾ, ತಕ್ಕಡಿಯ ತೂಕ ಹೆಚ್ಚಾ ನೋಡಿ, ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಒಂದೂವರೆ ಕಿಲೋ ಹಪ್ಪಳವನ್ನು ಅಂಗಡಿಯಿಂದ ತಂದ 30, 30, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಹಾಕಿದರೆ 18,000 ಭಾಗ 5000, ಅಂದರೆ 3.6 ಕಿಲೋಗೆ ದುಡ್ಡು ಕೊಡಬೇಕು. ಅಷ್ಟೇ ಹಪ್ಪಳವನ್ನು ಸರಿಯಾಗಿ ಪೇರಿಸಿ 20, 20, 22ರ ಪೆಟ್ಟಿಗೆಯಲ್ಲಿ ಹಾಕಿದರೆ 1.76 ಕಿಲೋ. ಹಪ್ಪಳ ಒಂದೇ, ಖರ್ಚು ಅರ್ಧ. ಪುಡಿಯಾಗುವುದೂ ಕಮ್ಮಿ, ಒಳಗೆ ಅಲ್ಲಾಡಲು ಜಾಗ ಇಲ್ಲದ ಕಾರಣ. ಈ ಅಳತೆಯ ಪೆಟ್ಟಿಗೆ ಮಂಗಳೂರಿನಲ್ಲಿ ಹೇಳಿ ಮಾಡಿಸಿಕೊಂಡೆವು. ನಾಲ್ಕು ಮನೆಯವರು ಸೇರಿ ಒಟ್ಟಿಗೆ ತರಿಸಿದರೆ ಕ್ರಯ ಇಳಿಯುತ್ತದೆ. ಹಪ್ಪಳ ಒತ್ತುವಾಗಲೇ ಎಲ್ಲ ಒಂದೇ ಅಳತೆ ಬರುವ ಹಾಗೆ ನೋಡಿಕೊಳ್ಳಬೇಕು. ಇದನ್ನು ನಮ್ಮ ಮನೆಯವಳು ಒಂದು ಸ್ಟೀಲ್ ತಟ್ಟೆಯ ಅಳತೆ ಹಿಡಿದು ಸಾಧಿಸಿದಳು.

ಹಸಿ ಹಣ್ಣಿನ ದಾರಿ ಬೇರೆ

ರಂಬುಟಾನ್ ಒಣಗಿಸಲಿಕ್ಕಾಗುವುದಿಲ್ಲ. ಒಂದೊಂದು ಕಿಲೋ ಮನೆಮನೆಗೆ ಕಳಿಸುವುದೂ ಆಗದ ಮಾತು. ನಮಗೆ ಸರಿಹೋದದ್ದು ಹೀಗೆ: ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿರುವ ನೆಂಟರ ಹುಡುಗ ಅಲ್ಲಿನ ಗುಂಪಿನಲ್ಲಿ ಬರೆದು 40 ಕಿಲೋದ ಬೇಡಿಕೆ ಒಟ್ಟುಮಾಡಿದ. ಹಣ ಮೊದಲೇ ಬಂತು. ಸಂಜೆ ಕೊಯ್ದು, ತೂತು ಇರುವ ಪೆಟ್ಟಿಗೆಯಲ್ಲಿ ತುಂಬಿಸಿ ರಾತ್ರಿ ಬಸ್ಸಿಗೆ ಹಾಕಿದೆವು. ಬೆಳಿಗ್ಗೆ ಅವ ಇಳಿಸಿಕೊಂಡು ಹಂಚಿದ. ಅವನ ಪಾಲಿನ ಮೂರು ಕಿಲೋ ಅವನಿಗೆ ಉಚಿತ. ಇಂಥ ಒಬ್ಬ ಜನ ಆ ತುದಿಯಲ್ಲಿ ಇಲ್ಲದಿದ್ದರೆ ಹಸಿ ಹಣ್ಣಿನ ಕೆಲಸಕ್ಕೆ ಇಳಿಯಬೇಡಿ. ಕೆಎಸ್ಸಾರ್ಟಿಸಿಯವರು 2021ರಲ್ಲಿ 'ನಮ್ಮ ಕಾರ್ಗೋ' ಸುರು ಮಾಡಿದ ಮೇಲೆ ಬಸ್ಸಿನಲ್ಲಿ ಸಾಮಾನು ಕಳಿಸುವುದು ಸ್ವಲ್ಪ ಕ್ರಮಕ್ಕೆ ಬಂದಿದೆ, ರಶೀದಿ ಸಿಗುತ್ತದೆ.

ಮಾವಿನವರಿಗೆ ಇನ್ನೊಂದು ದಾರಿ ಉಂಟು. ರಾಜ್ಯದ ಮಾವು ಅಭಿವೃದ್ಧಿ ನಿಗಮವು ಅಂಚೆ ಇಲಾಖೆಯ ಜೊತೆ ಸೇರಿ 2019ರಿಂದ ಬೆಂಗಳೂರಿನ ಮನೆಗಳಿಗೆ ಮಾವಿನ ಪೆಟ್ಟಿಗೆ ಮುಟ್ಟಿಸಲು ಸುರು ಮಾಡಿತು. ಗಿರಾಕಿ ನಿಗಮದ ಜಾಲತಾಣದಲ್ಲಿ ಬೆಳೆಗಾರನನ್ನು ಆರಿಸುವುದು, ಬೆಳೆಗಾರ ಪೆಟ್ಟಿಗೆಯನ್ನು ಅಂಚೆಗೆ ಒಪ್ಪಿಸುವುದು. ಹಲಸಿಗೂ ಇಂಥದ್ದೊಂದು ಆಗಬೇಕು ಎಂದು ನನ್ನ ಆಸೆ.

ದೊಡ್ಡ ಜಾಲತಾಣಗಳ ಬಾಗಿಲು

ದೊಡ್ಡ ಮಾರಾಟ ಜಾಲತಾಣಗಳಲ್ಲಿ ಸೇರಲು ಜಿಎಸ್‌ಟಿ ನಂಬ್ರ ಬೇಕು ಎಂಬುದು ಮೊದಲು ಗೋಡೆಯ ಹಾಗೆ ಅಡ್ಡ ಇತ್ತು. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರೂ ತಮ್ಮ ರಾಜ್ಯದ ಒಳಗೆ ಇಂಥ ಜಾಲತಾಣದ ಮೂಲಕ ಸಾಮಾನು ಮಾರಬಹುದು ಎಂದಾಗಿದೆ. ಪಾನ್ ಬೇಕು, ಜಿಎಸ್‌ಟಿ ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆಯಬೇಕು. ನಾವು ಬೆಳೆದದ್ದನ್ನು ನಾವೇ ನೇರ ಮಾರುವುದಕ್ಕಂತೂ ಕೃಷಿಕರಿಗೆ ಜಿಎಸ್‌ಟಿ ನೋಂದಣಿ ಬೇಡ. ಹಪ್ಪಳಕ್ಕೂ ಆ ತೆರಿಗೆ ಇಲ್ಲ.

ಹಾಗಾದರೆ ಯಾಕೆ ಸೇರಲಿಲ್ಲ ಎಂದು ಕೇಳಬಹುದು. ಕಮಿಷನ್, ಸಾಗಾಟದ ಪಾಲು ಇವನ್ನೆಲ್ಲ ಮೇಲಿನ ಪುಸ್ತಕದ ಲೆಕ್ಕಕ್ಕೆ ಸೇರಿಸಿ ನೋಡಿದೆ. ಅಂಗಡಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಪೆಟ್ಟಿಗೆ ಮುಟ್ಟಿದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ ಗಿರಾಕಿ "ಬೇಡ" ಎಂದರೆ ಪೆಟ್ಟಿಗೆ ವಾಪಸು ನಮ್ಮ ಮನೆಗೆ. ಹೋಗಿ ಬಂದ ಖರ್ಚು ಕೊನೆಗೆ ಮಾರುವವನ ಲೆಕ್ಕಕ್ಕೇ ಬರುತ್ತದೆ. ಹಾಗಾಗಿ ನನ್ನದು ಹಣ ಬಂದ ಮೇಲೆ ಪಾರ್ಸೆಲ್.

ಗಿರಾಕಿಗಳು ಎಲ್ಲಿಂದ? ಮೊದಲ ವರ್ಷ ನೆಂಟರ ಗುಂಪು, ಹತ್ತನೇ ಕ್ಲಾಸಿನ ಸಹಪಾಠಿಗಳ ಗುಂಪು, ಇಷ್ಟೇ. 61 ಮನೆಗೆ ಕಳಿಸಿದೆ. ಮರುವರ್ಷ ಅದರಲ್ಲಿ 23 ಮನೆಯವರು ಮತ್ತೆ ಕೇಳಿದರು. ಆ 23 ಮನೆ ಮತ್ತು ಅವರು ಹೇಳಿ ಕಳಿಸಿದವರೇ ನನ್ನ ಮಾರುಕಟ್ಟೆ. ಒಂದು ಪೆಟ್ಟಿಗೆಯಲ್ಲಿ ಬೂಸ್ಟು ಹಿಡಿದ ಸಿಪ್ಪೆ ಸಿಕ್ಕಿದರೆ ಒಂದು ಗಿರಾಕಿ ಹೋಗುವುದಲ್ಲ, ಅವರ ಗುಂಪೇ ಹೋಗುತ್ತದೆ. ಮಳೆಗಾಲ ಸುರುವಾದ ಮೇಲೆ ಒಣಗಿಸಿದ್ದನ್ನು ಫೋನಿನ ಗಿರಾಕಿಗೆ ಕಳಿಸುವುದೇ ಇಲ್ಲ.

ಲೇಬಲ್ ವಿಷಯ ಒಂದು ಮಾತು. ಬೆಳೆದ ಹಾಗೆಯೇ ಸಹಜ ರೂಪದಲ್ಲಿ ಕೃಷಿಕ ಮಾರುವ ಬೆಳೆ ಆಹಾರ ಸುರಕ್ಷಾ ಕಾನೂನಿನ ಹೊರಗೆ. ಹಪ್ಪಳ, ಹುಡಿ, ಸಿರಪ್ ಮಾಡಿ ಮಾರುವುದಾದರೆ ಎಫ್ಎಸ್ಎಸ್ಎಐ ನೋಂದಣಿ ಬೇಕು, ಅದರ 14 ಅಂಕೆಯ ನಂಬ್ರ ಲೇಬಲ್‌ನಲ್ಲಿ ಇರಬೇಕು. ಅರ್ಜಿಯನ್ನು 'ಫಾಸ್ಕಾಸ್' ಜಾಲತಾಣದಲ್ಲಿ ನಾವೇ ಹಾಕಬಹುದು. ಒಣಸಿಪ್ಪೆಯನ್ನು ಹೆಸರು ಹಾಕಿ ಪ್ಯಾಕೆಟ್ ಮಾಡುವವರೂ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಚರ್ಚೆ ಮಾಡದ ಗಿರಾಕಿ

ಕಾಳುಮೆಣಸಿನ ಫೋಟೋ ಹಾಕಿದ ಮರುದಿನ ಹಿಂದಿಯಲ್ಲಿ ಒಂದು ಕರೆ. ತಾನು ಸೈನ್ಯದವ, ಕ್ಯಾಂಪಿಗೆ 50 ಕಿಲೋ ಮೆಣಸು ಬೇಕು ಎಂದ. ಕ್ರಯ ಹೇಳಿದ್ದೇ "ಆಗಲಿ" ಎಂದ. ಗುಣಮಟ್ಟ ಕೇಳಲಿಲ್ಲ, ತೇವಾಂಶ ಕೇಳಲಿಲ್ಲ. ಕ್ರಯ ಚರ್ಚೆ ಮಾಡದೆ 50 ಕಿಲೋ ಮೆಣಸು ಕೊಳ್ಳುವ ಮನುಷ್ಯ ನಮ್ಮ ಪೇಟೆಯಲ್ಲಿ ಹುಟ್ಟಿಲ್ಲ ಮಾರಾಯ್ರೆ! ಸ್ವಲ್ಪ ಹೊತ್ತಿನಲ್ಲಿ ಒಂದು ಕ್ಯೂಆರ್ ಚಿತ್ರ ಬಂತು. "ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ಮುಂಗಡ ನಿಮ್ಮ ಖಾತೆಗೆ ಬರುತ್ತದೆ" ಎಂದ. ಮಗಳು ಫೋನು ತೆಗೆದುಕೊಂಡು "ಮುಂಗಡ ಮನಿ ಆರ್ಡರ್ ಮಾಡಿ" ಎಂದು ಹೇಳಿ ಇಟ್ಟಳು.

ಇದನ್ನು ಮನೆಯ ಎಲ್ಲರಿಗೂ, ಮುಖ್ಯವಾಗಿ ಹಿರಿಯರಿಗೆ, ಹೇಳಿಕೊಡಿ. ನಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಕ್ಯೂಆರ್ ಸ್ಕ್ಯಾನ್ ಮಾಡುವವ ಹಣ ಕೊಡುವವ, ತೆಗೆದುಕೊಳ್ಳುವವನಲ್ಲ. ಮೊದಲು "ಹಣ ಕೇಳುವ ವಿನಂತಿ" ಕಳಿಸಿಯೂ ಮೋಸ ಮಾಡುತ್ತಿದ್ದರು. ಜನರ ನಡುವಿನ ಆ ವಿನಂತಿಯನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ, ಆದರೆ ಕ್ಯೂಆರ್ ಉಪಾಯ ನಿಂತಿಲ್ಲ. "ಹಣ ಹಾಕಿದ್ದೇನೆ" ಎಂದು ಕಳಿಸುವ ಚಿತ್ರವನ್ನೂ ನಂಬಬೇಡಿ, ಖಾತೆಯಲ್ಲಿ ಹಣ ಕಂಡ ಮೇಲೆಯೇ ಪೆಟ್ಟಿಗೆ ಕಟ್ಟಿ.

ನಮ್ಮ ಬೈಲಿನ ಒಬ್ಬರ 18,000 ರೂಪಾಯಿ ಇದೇ ರೀತಿ ಹೋಯಿತು. ಅವರು ನಾಚಿಕೆ ಮಾಡದೆ ಅರ್ಧ ಗಂಟೆಯೊಳಗೆ 1930ಕ್ಕೆ ಕರೆ ಮಾಡಿದ ಕಾರಣ ಸ್ವಲ್ಪ ಹಣ ಆಚೆ ಖಾತೆಯಲ್ಲಿ ತಡೆದು ನಿಂತಿತು. ಆ ನಂಬ್ರ ಸೈಬರ್ ವಂಚನೆಯ ದೂರಿಗೆಂದೇ ಇರುವುದು. ಗೋಡೆಯಲ್ಲಿ ಬರೆದಿಡಿ. ತಡಮಾಡಿದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತದೆ.

ಮನೆಯಲ್ಲಿ ಕೂತು ವೀಡಿಯೋಗೆ ಲೈಕ್ ಒತ್ತಿ ದಿನಕ್ಕೆ ಸಾವಿರ ಸಂಪಾದಿಸಿ ಎಂಬ ಸಂದೇಶಗಳೂ ಬರುತ್ತವೆ. ಮೊದಲು ನೂರಿನ್ನೂರು ನಿಜವಾಗಿ ಹಾಕುತ್ತಾರೆ. ಆಮೇಲೆ "ದೊಡ್ಡ ಕೆಲಸಕ್ಕೆ ಠೇವಣಿ" ಕೇಳುತ್ತಾರೆ. ಗಾಳಕ್ಕೆ ಎರೆ ಕಟ್ಟಿದ್ದು ಎಂದು ಮೀನು ಹಿಡಿದವರಿಗೆ ಹೇಳಬೇಕಾಗಿಲ್ಲ. ಯೂಟ್ಯೂಬ್ ಮೋಸದ್ದಲ್ಲ. ಆದರೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ನೋಡಿದ ಲೆಕ್ಕ ಬೇಕು. ಸಣ್ಣ ತುಣುಕಿನವರಿಗೆ ಇನ್ನೊಂದು ಲೆಕ್ಕ. ಕಸಿ ಕಟ್ಟುವುದು, ಮರ ಹತ್ತುವುದು ಚೆನ್ನಾಗಿ ತೋರಿಸಬಲ್ಲ ಹುಡುಗರು ಮಾಡಲಿ. ನನಗೆ ಅಷ್ಟು ಪುರುಸೊತ್ತಿಲ್ಲ.

ಗಳಿಸಿದ್ದಕ್ಕಿಂತ ಉಳಿಸಿದ್ದು

ಸಮಯದ ಲೆಕ್ಕ ಬರೆಯಲು ಕೂತಾಗ ಒಂದು ಅಂಶ ಕಂಡಿತು. ಪಹಣಿ ಬೇಕೆಂದರೆ ಮೊದಲು ತಾಲೂಕು ಕಚೇರಿಗೋ ನಾಡಕಚೇರಿಗೋ ಹೋಗಿ, ಸರ್ವರ್ ಇಲ್ಲ ಎಂದು ವಾಪಸು ಬಂದು, ಮತ್ತೆ ಹೋಗಿ, ಎರಡು ದಿನದ ಕೆಲಸ ಹಾಳು. ಈಗ 'ಭೂಮಿ' ತಾಣದಲ್ಲಿ ಶುಲ್ಕ ಕಟ್ಟಿ ಮನೆಯಲ್ಲೇ ತೆಗೆಯುತ್ತೇವೆ. ಕರೆಂಟ್ ಬಿಲ್ಲು, ಗ್ಯಾಸ್, ಇನ್ಶೂರೆನ್ಸ್ ಕಂತು ಎಲ್ಲ ಹಾಗೆಯೇ. ವರ್ಷದಲ್ಲಿ 14 ಸಲ ಪೇಟೆಗೆ ಹೋಗುವುದು ಉಳಿದದ್ದನ್ನು ಬರೆದಿಟ್ಟಿದ್ದೇನೆ. ಅರ್ಧ ದಿನದ ಸಂಬಳ 300, ಬಸ್ಸು ಚಹಾ 80 ಎಂದು ಹಿಡಿದರೆ 5,320 ರೂಪಾಯಿ. ಪುನರ್ಪುಳಿಯ ಹೆಚ್ಚುವರಿಯ ಹತ್ತಿರ ಬಂತು. ಇದಕ್ಕೆ ಪೆಟ್ಟಿಗೆ ಬೇಡ, ಗಿರಾಕಿಯೂ ಬೇಡ.

ಅಡಿಕೆ, ಮೆಣಸಿನ ದಿನದ ಧಾರಣೆ ಮನೆಯಿಂದಲೇ ನೋಡಿ ಹೋಗುವುದು ಇನ್ನೊಂದು. 'ಕೃಷಿ ಮಾರಾಟ ವಾಹಿನಿ'ಯಲ್ಲಿ ಎಪಿಎಂಸಿ ಧಾರಣೆ ಸಿಗುತ್ತದೆ. ಕಿಲೋಗೆ ಐದು ರೂಪಾಯಿ ವ್ಯತ್ಯಾಸ ಕೇಳಿ ಪಡೆದರೂ ಕ್ವಿಂಟಾಲಿಗೆ 500.

ಕೊಳ್ಳುವುದರಲ್ಲಿ ಎಲ್ಲವೂ ಅಗ್ಗ ಅಲ್ಲ. ಹುಲ್ಲು ಹೊಡೆಯುವ ಮೆಷಿನಿನ ನೈಲಾನ್ ದಾರ, ಬ್ಲೇಡು, ಏರ್ ಫಿಲ್ಟರ್ ಫೋನಿನಲ್ಲಿ ತರಿಸಿ ನೋಡಿದ್ದೇನೆ, ಲಾಭ ಉಂಟು. ಹಳೆ ಭಾಗದ ಮೇಲಿನ ನಂಬ್ರ ನೋಡಿ ಅದೇ ತರಿಸಬೇಕು. ಮೆಷಿನನ್ನೇ ಕೊಳ್ಳುವುದಾದರೆ ಪೇಟೆಯ ಅಂಗಡಿಯಿಂದಲೇ. ಕೊಯ್ಲಿನ ಸಮಯ ಕೆಟ್ಟು ನಿಂತರೆ ಫೋನು ರಿಪೇರಿ ಮಾಡುವುದಿಲ್ಲ. ಮೈಲುತುತ್ತು, ಸುಣ್ಣ ಸೊಸೈಟಿಯಿಂದ. ಭಾರದ ಸಾಮಾನು ದೂರದಿಂದ ತರಿಸುವುದು ತೆಂಗಿನಕಾಯಿ ಕಳಿಸಿದ ಹಾಗೆಯೇ ಆಗುತ್ತದೆ.

ಸುರು ಮಾಡುವವರು ಮೊದಲ ವರ್ಷ ಒಂದೇ ವಸ್ತು ಹಿಡಿಯಿರಿ, 10 ಕಿಲೋದಷ್ಟು ಮಾತ್ರ. ಒಂದು ಪುಸ್ತಕ ಇಟ್ಟು ಐದು ಗೆರೆ ಎಳೆಯಿರಿ: ಬಂದ ಹಣ, ಪ್ಯಾಕಿಂಗ್, ಸಾಗಾಟ, ಹೋದ ನಿಮಿಷ, ಮರಳಿ ಕೇಳಿದರೋ ಇಲ್ಲವೋ. ವರ್ಷದ ಕೊನೆಗೆ ಕಿಲೋಗೆ ಉಳಿದದ್ದು ಅಂಗಡಿಯ ಕ್ರಯಕ್ಕಿಂತ 100 ರೂಪಾಯಿಯಾದರೂ ಹೆಚ್ಚಿಲ್ಲದಿದ್ದರೆ ಆ ವಸ್ತುವನ್ನು ಅಂಗಡಿಗೇ ಕೊಡಿ. ಈ ಸಲ ನಾನು ಹಲಸಿನ ಬೀಜದ ಹುಡಿಗೆ ಪುಸ್ತಕ ತೆರೆದಿದ್ದೇನೆ. ಯಾರಾದರೂ ಮೊದಲೇ ಮಾರಿ ನೋಡಿದವರಿದ್ದರೆ ನಿಮ್ಮ ಲೆಕ್ಕವನ್ನು ಪತ್ರಿಕೆಗೆ ಬರೆಯಿರಿ, ಖರ್ಚಿನ ಬಾಬ್ತು ಬಿಡದೆ.